ಮಗು ‘ಬೇಡ’ ಅಂದ್ರೆ ಎಲ್ಲ ಸಲ ಹಠವಲ್ಲ: ದೊಡ್ಡವರು ತಿಳಿದಿರಬೇಕಾದ ವಿಷಯ

ಕಿರಾಣಿ ಅಂಗಡಿ ಮುಂದೆ ದಿನಾ ನೋಡುವ ದೃಶ್ಯ ಇದು. ಅಮ್ಮನ ಜೊತೆ ಬಂದ ನಾಲ್ಕು ವರ್ಷದ ಮಗುವಿನ ಗಲ್ಲವನ್ನು ಯಾರೋ ಹಿಂಡುತ್ತಾರೆ. ಮಗು ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ‘ಮಾಮಂಗೊಂದು ಮುತ್ತು ಕೊಡು, ಚಾಕೊಲೇಟ್ ಕೊಡ್ತೀನಿ’ ಅಂತಾರೆ ಅವರು. ‘ಕೊಡು ಪುಟ್ಟಾ, ಏನಾಗಲ್ಲ’ ಅಂತಾಳೆ ಅಮ್ಮ.

ಅಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ಮಗು ಎರಡು ಪಾಠ ಕಲಿತುಬಿಡುತ್ತದೆ. ಒಂದು, ನಾನು ಬೇಡ ಅಂದರೂ ನಡೆಯಲ್ಲ. ಎರಡು, ತಿನ್ನೋಕೆ ಕೊಟ್ಟವರು ಹೇಳಿದಂತೆ ಕೇಳಬೇಕು.

ಇದು ಯಾಕೆ ಮುಖ್ಯ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದ ವರದಿ 2007ರಲ್ಲಿ ಬಂತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು ಅಥವಾ ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಸಣ್ಣ ವಿಷಯಕ್ಕೆ ‘ಬೇಡ’ ಅಂದಾಗ ಕೇಳಿಸಿಕೊಳ್ಳದ ಮನೆಯಲ್ಲಿ ಮಗು ದೊಡ್ಡ ವಿಷಯ ಹೇಗೆ ಹೇಳೀತು?

ಭಾವನೆಗೆ ಹೆಸರು ಕೊಡಿ

ಮೂರು-ನಾಲ್ಕು ವರ್ಷದ ಮಕ್ಕಳಿಗೆ ಕೋಪ, ಭಯ, ನಾಚಿಕೆ ಎಲ್ಲಾ ಆಗುತ್ತೆ, ಹೇಳೋಕೆ ಪದ ಇರಲ್ಲ. ಅದಕ್ಕೇ ಹೊಡೀತಾರೆ, ಸಾಮಾನು ಎಸೀತಾರೆ. ಕೆಲವೊಮ್ಮೆ ‘ಹೊಟ್ಟೆ ನೋವು’ ಅನ್ನೋದರ ಹಿಂದೆಯೂ ಭಯ ಇರುತ್ತೆ. ‘ಆಟ ನಿಲ್ಲಿಸಿದ್ದಕ್ಕೆ ಕೋಪ ಬಂತಾ?’ ಅಂತ ನಾವೇ ಪದ ಕೊಟ್ಟರೆ ನಿಧಾನಕ್ಕೆ ಮಗುವೂ ಹೇಳಲು ಕಲಿಯುತ್ತದೆ. ‘ಕೋಪ ಬರಲಿ, ಆದ್ರೆ ತಮ್ಮಂಗೆ ಹೊಡೆಯೋ ಹಾಗಿಲ್ಲ’ ಅನ್ನಿ. ‘ಗಂಡುಹುಡುಗ ಆಗಿ ಅಳ್ತೀಯಾ?’ ಅನ್ನೋ ಮಾತು ಬಿಡಿ. ಆ ಮಾತು ಕೇಳಿದ ಹುಡುಗ ಅಳೋದಷ್ಟೇ ಅಲ್ಲ, ಹೇಳೋದನ್ನೂ ನಿಲ್ಲಿಸ್ತಾನೆ.

ಎಲ್ಲದಕ್ಕೂ ಬೇಡ ಅಂದ್ರೆ?

ಸ್ನಾನ, ಚುಚ್ಚುಮದ್ದು, ರಸ್ತೆ ದಾಟುವಾಗ ಕೈ ಹಿಡಿಯೋದು, ಇವುಗಳಲ್ಲಿ ರಾಜಿ ಇಲ್ಲ. ಆದರೆ ‘ಈಗ ಸ್ನಾನಾನಾ, ಐದು ನಿಮಿಷ ಬಿಟ್ಟಾ?’ ಅಂತ ಆಯ್ಕೆ ಕೊಡಬಹುದು.

ನೆಂಟರು ಬಂದಾಗ ತಬ್ಬಿಕೊಳ್ಳಲು, ಮುತ್ತು ಕೊಡಲು ಒತ್ತಾಯ ಬೇಡ. ಕೈಮುಗಿದು ನಮಸ್ಕಾರ ಮಾಡಿದರೆ ಮರ್ಯಾದೆಗೆ ಏನೂ ಕಮ್ಮಿಯಾಗಲ್ಲ. ಕಚಗುಳಿ ಇಡುವಾಗ ಮಗು ‘ಸಾಕು’ ಅಂದ ತಕ್ಷಣ ನಿಲ್ಲಿಸಿ, ನಗ್ತಾ ಹೇಳಿದ್ರೂ ಸರಿ. ಬೇರೆ ಮಕ್ಕಳು ‘ಸಾಕು’ ಅಂದಾಗ ತಾನೂ ನಿಲ್ಲಿಸಬೇಕು ಅನ್ನೋದು ಮಗುವಿಗೆ ಗೊತ್ತಾಗೋದು ಹೀಗೇ.

ಮಗು ಏನಾದರೂ ಹೇಳಿದರೆ

‘ನೀನ್ಯಾಕೆ ಅಲ್ಲಿಗೆ ಹೋದೆ?’ ಅಂತ ಬೈಯಬೇಡಿ, ಹತ್ತು ಜನರ ಮುಂದೆ ಮತ್ತೆ ಮತ್ತೆ ಕೇಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ’ ಅನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ, ಅಂದರೆ ಗಂಡುಮಕ್ಕಳಿಗೂ ಅನ್ವಯ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಮನೆಯವರಿರಲಿ, ನೆರೆಯವರಿರಲಿ, ಅಂಗಡಿಯವರಿರಲಿ, ಎಲ್ಲರಿಗೂ ಈ ಹೊಣೆ ಇದೆ. ಹೇಳಿಕೆ ಕೊಡಲು ಮಗು ಠಾಣೆಗೆ ಹೋಗಬೇಕಿಲ್ಲ. ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಹೇಳಿಕೆ ಪಡೆಯಬೇಕು. ಅವರು ಸಮವಸ್ತ್ರದಲ್ಲಿ ಇರುವಂತಿಲ್ಲ.

ಅದಕ್ಕೇ ಊಟ ಮಾಡಿಸುವಾಗ ‘ಪೊಲೀಸ್ ಹಿಡ್ಕೊಂಡು ಹೋಗ್ತಾರೆ’ ಅಂತ ಹೆದರಿಸೋದನ್ನೂ ಬಿಡಿ. ನಾಳೆ ಅದೇ ಪೊಲೀಸರ ಹತ್ರ ಮಗು ಧೈರ್ಯವಾಗಿ ಮಾತಾಡಬೇಕಾಗಬಹುದು.

ಅಂಗಡಿಯವರಿಗೊಂದು ಮಾತು: ಪುಟ್ಟ ಗಿರಾಕಿ ಬಂದಾಗ ಅಪ್ಪ-ಅಮ್ಮನನ್ನು ಕೇಳಿ ಚಾಕೊಲೇಟ್ ಕೊಡಿ. ಬದಲಿಗೆ ಮುತ್ತು ಕೇಳಬೇಡಿ.