ಕಪ್ಪು ಕೂದಲು ಹೊಂಬಣ್ಣಕ್ಕೆ ತಿರುಗುವ ಬಗೆ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ನಮ್ಮ ಮನೆಗೆ ಬಂದಿದ್ದರು. ಮಗಳು ದೂರದ ನಗರದಲ್ಲಿ ಕಾಲೇಜು ಓದುವವಳು. ರಜೆಗೆಂದು ಊರಿಗೆ ಬಂದವಳು ಅಂಗಡಿಯಿಂದ ಪುಡಿಯೊಂದನ್ನೂ ದ್ರವವೊಂದನ್ನೂ ತರಿಸಿ, ಕಲಸಿ, ತಲೆಗೆ ಹಚ್ಚಿಕೊಂಡಳಂತೆ. ಕಪ್ಪು ಕೂದಲು ತೆಳುವಾದ ಹೊಂಬಣ್ಣವಾಗಬೇಕೆಂಬುದು ಆಸೆ; ಬಂದುದು ಕಿತ್ತಳೆಯ ಬಣ್ಣ. ಅದೇ ಸಂಜೆ ಇನ್ನೊಮ್ಮೆ ಹಚ್ಚಿದಳು. ಮರುದಿನ ಬಾಚಣಿಗೆಯೊಡನೆ ಕೂದಲು ಹಿಡಿಹಿಡಿಯಾಗಿ ತುಂಡಾಗಿ ಬಂತು. ನೆತ್ತಿಯಲ್ಲಿ ಎರಡು ಕಡೆ ಸುಟ್ಟ ಗಾಯ. “ಮಾಷ್ಟ್ರೇ, ಅವಳ ಕೂದಲು ಮೊದಲಿನಂತೆ ಆದೀತೋ?” ಎಂದು ಆ ತಾಯಿ ಕೇಳಿದರು. ಗಾಯವನ್ನು ವೈದ್ಯರಿಗೆ ತೋರಿಸಿರೆಂದು ಹೇಳಿ ಕಳುಹಿಸಿದೆವು. ಆದರೆ ಆಮ್ಲಜನಕದ ಪಾಠವನ್ನು ನಮ್ಮ ಶಾಲೆಯಲ್ಲಿಯೇ ಕಲಿತು ಹೋದ ಹುಡುಗಿಗೆ ಆ ಪಾಠ ಬೇಕಾದಾಗ ಒದಗಲಿಲ್ಲವಲ್ಲ ಎಂಬ ಚಿಂತೆ ನಮ್ಮನ್ನು ಬಿಡಲಿಲ್ಲ. ಆದುದರಿಂದ ಈ ಲೇಖನ.

ಅಂದವಾಗಿ ಕಾಣಬೇಕೆಂಬ ಆಸೆಯನ್ನು ನಾವು ಜರೆಯುವುದಿಲ್ಲ. ಅದು ಇಂದು ಹುಟ್ಟಿದುದೂ ಅಲ್ಲ. ವೆನಿಸ್ ನಗರದ ಸ್ತ್ರೀಯರು ಕೂದಲಿಗೆ ದ್ರಾವಣಗಳನ್ನು ಸವರಿ, ನೆತ್ತಿಯ ಭಾಗವಿಲ್ಲದ ಅಗಲಂಚಿನ ಟೋಪಿ ಧರಿಸಿ, ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕುಳಿತು ಕೂದಲನ್ನು ಹೊಂಬಣ್ಣ ಮಾಡಿಕೊಳ್ಳುತ್ತಿದ್ದುದನ್ನು ಚೆಸಾರೆ ವೆಚೆಲ್ಲಿಯೊ ಎಂಬವನು 1590ರಲ್ಲಿ ಪ್ರಕಟಿಸಿದ ಉಡುಗೆತೊಡುಗೆಗಳ ಗ್ರಂಥದಲ್ಲಿ ಚಿತ್ರಸಹಿತ ವರ್ಣಿಸಿದ್ದಾನೆ. ಅವರು ದಿನಗಟ್ಟಲೆ ಬಿಸಿಲಿನಲ್ಲಿ ಮಾಡುತ್ತಿದ್ದುದನ್ನು ಇಂದು ಮುಕ್ಕಾಲು ಗಂಟೆಯಲ್ಲಿ ಮಾಡಬಲ್ಲ ವಸ್ತುವು ಹೈಡ್ರೊಜನ್ ಪೆರಾಕ್ಸೈಡ್. ಇದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ತೆನಾರ್ 1818ರಲ್ಲಿ ಕಂಡುಹಿಡಿದನು. ಕೂದಲಿನ ಬಣ್ಣ ತೆಗೆಯಲು ಇದು ತಕ್ಕುದೆಂದು 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ತೋರಿಸಲಾಯಿತು.

“ಬಣ್ಣ ತೆಗೆಯಲು” ಎಂಬ ಮಾತನ್ನು ಮಕ್ಕಳು ಗಮನಿಸಬೇಕು. ಹೊಂಬಣ್ಣವನ್ನು ಯಾರೂ ಕಪ್ಪು ಕೂದಲಿನ ಮೇಲೆ ಬಳಿಯುವುದಿಲ್ಲ; ಕಪ್ಪು ಸ್ಲೇಟಿನ ಮೇಲೆ ಹಳದಿ ನೀರೆರೆದರೆ ಸ್ಲೇಟು ಕಪ್ಪಾಗಿಯೇ ಇರುತ್ತದೆ. ಮೊದಲು ಕಪ್ಪನ್ನು ನಾಶಪಡಿಸಬೇಕು. ಆ ಕಪ್ಪು ಇರುವುದಾದರೂ ಎಲ್ಲಿ? ಕೂದಲಿನ ಎಳೆಯೊಂದನ್ನು ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಹೊರಮೈ ನಮ್ಮ ಕಡೆಯ ಹೆಂಚಿನ ಮಾಡಿನಂತೆ, ಒಂದರ ಮೇಲೊಂದು ಒರಗಿದ ಹುರುಪೆಗಳಿಂದ ಕೂಡಿದೆ. ಮಾಡಿನ ಕೆಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳು. ಆ ನಾರುಗಳನ್ನು ಗಂಧಕದ ಬಂಧಗಳು ಹಗ್ಗದ ಗಂಟುಗಳಂತೆ ಬಿಗಿದಿರುತ್ತವೆ. ನಾರುಗಳ ನಡುವೆ ಮೆಲನಿನ್ ಎಂಬ ವರ್ಣದ್ರವ್ಯದ ಕಣಗಳು ಹುದುಗಿವೆ. ಮೆಲನಿನ್ ಎರಡು ಬಗೆಯದು: ಕಪ್ಪು-ಕಂದು ಬಣ್ಣದ್ದು ಒಂದು, ಕೆಂಪು-ಹಳದಿಯದು ಇನ್ನೊಂದು.

ಹೆಂಚನ್ನು ಸರಿಸದೆ ಒಳಗೆ ಹೋಗುವಂತಿಲ್ಲ. ಅದಕ್ಕಾಗಿ ಅಮೋನಿಯದಂತಹ ಕ್ಷಾರವನ್ನು ಸೇರಿಸುತ್ತಾರೆ. ಕ್ಷಾರ ತಗಲಿದೊಡನೆ ಕೂದಲು ಉಬ್ಬಿ ಹುರುಪೆಗಳು ಬಾಯ್ದೆರೆಯುತ್ತವೆ. ಒಳಹೊಕ್ಕ ಪೆರಾಕ್ಸೈಡು ಮೆಲನಿನ್ನನ್ನು ಉತ್ಕರ್ಷಿಸಿ ಒಡೆಯುತ್ತದೆ. ಪುಡಿಯಲ್ಲಿರುವ ಪರ್‌ಸಲ್ಫೇಟ್ ಲವಣಗಳು ಈ ಕಾರ್ಯವನ್ನು ಇನ್ನಷ್ಟು ತೀವ್ರಗೊಳಿಸುತ್ತವೆ. ಆದರೆ ಪೆರಾಕ್ಸೈಡಿಗೆ ಮೆಲನಿನ್ ಯಾವುದು, ಕೆರಾಟಿನ್ ಯಾವುದು ಎಂಬ ವಿವೇಚನೆಯಿಲ್ಲ. ಸಾಧಾರಣವಾದ ಒಂದು ಬಣ್ಣಗಳೆತದಲ್ಲಿಯೇ ಗಂಧಕದ ಬಂಧಗಳಲ್ಲಿ ನೂರಕ್ಕೆ 15ರಿಂದ 25ರವರೆಗೆ ಮುರಿಯುತ್ತವೆ. ಅತಿಯಾದರೆ 45ರವರೆಗೂ ಹೋಗುವುದುಂಟು. ಆ ಹುಡುಗಿಯ ಬಾಚಣಿಗೆಯಲ್ಲಿ ಬಂದುದರ ಕಾರಣ ಇದೇ.

ಬಾಟಲಿಯ ಮೇಲೆ 20 ವಾಲ್ಯೂಮ್, 30 ವಾಲ್ಯೂಮ್ ಎಂದು ಬರೆದಿರುತ್ತದೆ. ಇದು ನಮ್ಮ ವಿಜ್ಞಾನ ತರಗತಿಯ ಲೆಕ್ಕವೇ ಸರಿ. ಒಂದು ಲೀಟರು ದ್ರಾವಣ ಪೂರ್ತಿಯಾಗಿ ವಿಭಜನೆಗೊಂಡರೆ 20 ಲೀಟರು ಆಮ್ಲಜನಕವನ್ನು ಬಿಡುವುದಾದರೆ ಅದು 20 ವಾಲ್ಯೂಮಿನದು. ಅದರಲ್ಲಿ ಪೆರಾಕ್ಸೈಡು ನೂರಕ್ಕೆ 6 ಭಾಗ. 30ಕ್ಕೆ 9 ಭಾಗ, 40ಕ್ಕೆ 12 ಭಾಗ. ಹೆಚ್ಚಿನ ಅಂಕೆಯದನ್ನು ತಂದರೆ ಕೆಲಸ ಬೇಗನಾಗುವುದು ನಿಜ. ನೆತ್ತಿಯ ಚರ್ಮ ಸುಡುವ ಕೆಲಸವೂ ಹಾಗೆಯೇ.

ನಾವು ಕಲಾ ಪದವೀಧರರು. ರಸಾಯನಶಾಸ್ತ್ರದಲ್ಲಿ ನಮ್ಮ ವಿಜ್ಞಾನದ ಅಧ್ಯಾಪಕರೇ ನಮಗೆ ಗುರುಗಳು. ಅವರು ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯ ಮಕ್ಕಳೆದುರು ಒಂದು ಪ್ರಯೋಗ ಮಾಡಿದರು. ಕ್ಷೌರದ ಅಂಗಡಿಯಿಂದ ಕತ್ತರಿಸಿದ ಕೂದಲು ತರಿಸಿ, ದಾರದಿಂದ ಕುಚ್ಚು ಕಟ್ಟಿ, ಗಾಜಿನ ಬಟ್ಟಲಲ್ಲಿ ಆ ಮಿಶ್ರಣವನ್ನು ಹಚ್ಚಿ ಕಿಟಕಿಯ ಬಳಿ ಇಟ್ಟರು. ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದೆರಡು ಎಳೆಗಳನ್ನು ತೊಳೆದು ಬಿಳಿಯ ಕಾಗದದ ಮೇಲೆ ಅಂಟಿಸುತ್ತ ಹೋದೆವು. ಕಪ್ಪು, ಕಂದು, ತಾಮ್ರದ ಕೆಂಪು, ಕೊನೆಗೆ ಕಿತ್ತಳೆ, ಅಲ್ಲಿಗೆ ನಿಂತಿತು. ಕಪ್ಪು ಮೆಲನಿನ್ ಮೊದಲು ಒಡೆಯುತ್ತದೆ, ಕೆಂಪು-ಹಳದಿಯದು ಹಟಮಾರಿ. ಕೆಲವು ದಿನಗಳ ಬಳಿಕ ಅದೇ ಕುಚ್ಚಿಗೆ ಎರಡನೆಯ ಸಲ ಹಚ್ಚಿದಾಗ ಹಳದಿ ಬಂತು, ಮೂರನೆಯದಕ್ಕೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯ ತಿಳಿಹಳದಿ. ಆ ಎಳೆಯನ್ನು ಒದ್ದೆಯಾಗಿಯೇ ಜಗ್ಗಿದ ಹುಡುಗನ ಕೈಯಲ್ಲಿ ಅದು ರಬ್ಬರಿನಂತೆ ಹಿಗ್ಗಿತು, ಹಿಂದಕ್ಕೆ ಕುಗ್ಗಲಿಲ್ಲ, ತುಂಡಾಯಿತು. ತರಗತಿ ಒಂದು ಕ್ಷಣ ಸದ್ದಿಲ್ಲದೆ ಕುಳಿತಿತು. ನಾವು ಹೇಳಬಹುದಾಗಿದ್ದ ಯಾವ ಮಾತಿಗೂ ಅಷ್ಟು ಬಲವಿರಲಿಲ್ಲ.

ಈ ತಿಳಿಹಳದಿಯಿಂದ ಮುಂದೆ ಹೋಗಲು ಪೆರಾಕ್ಸೈಡಿನಿಂದ ಸಾಧ್ಯವಿಲ್ಲ. ಏಕೆಂದರೆ ಉಳಿದ ಹಳದಿಯಲ್ಲಿ ಒಂದು ಪಾಲು ಕೆರಾಟಿನಿನದೇ ಬಣ್ಣ. ಹಾಗಾದರೆ ಚಿತ್ರಗಳಲ್ಲಿ ಕಾಣುವ ಬೆಳ್ಳನೆಯ ಹೊಂಬಣ್ಣ ಎಲ್ಲಿಂದ ಬಂತು? ಇದನ್ನು ಮಕ್ಕಳಿಗಿಂತ ಅವರ ಅಜ್ಜಿಯರು ಬೇಗ ತಿಳಿಯುತ್ತಾರೆ. ಒಗೆದ ಬಿಳಿಯ ಪಂಚೆ ಹಳದಿ ಹಿಡಿದಾಗ ಕೊನೆಯ ನೀರಿಗೆ ಎರಡು ಹನಿ ನೀಲಿ ಬಿಡುವುದಿಲ್ಲವೇ? ನೀಲಿ ಕೊಳೆಯನ್ನು ತೆಗೆಯುವುದಿಲ್ಲ. ಹಳದಿಯನ್ನು ಕಣ್ಣಿಗೆ ಮರೆಸುತ್ತದೆ. ಕೂದಲಿಗೂ ಹಾಗೆಯೇ. ತಿಳಿಹಳದಿಗೆ ನೇರಳೆ ಬಣ್ಣ, ಕಿತ್ತಳೆಗೆ ನೀಲಿ. ಇದನ್ನೇ ಟೋನರ್ ಎನ್ನುವುದು. ಹಳದಿಗೆ ನೀಲಿ ಹಾಕಿದರೆ ಹಸಿರು ಛಾಯೆ ಬಂದೀತೆಂಬುದನ್ನು ಚಿತ್ರಕಲೆಯ ಮಕ್ಕಳು ಬಲ್ಲರು. ಟೋನರು ಕೆಲವು ವಾರಗಳಲ್ಲಿ ತೊಳೆದುಹೋಗಿ ಹಳದಿ ಮರಳುತ್ತದೆ. ಪಂಚೆಗೆ ಪ್ರತಿ ಒಗೆತಕ್ಕೂ ನೀಲಿ ಬೇಕಾಗುವಂತೆ ಇದಕ್ಕೂ ಮತ್ತೆ ಮತ್ತೆ ಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಅಪಾಯವುಂಟು. ಮದರಂಗಿ ಹಚ್ಚುವ ರೂಢಿ ನಮ್ಮದು. ಶುದ್ಧವಾದ ಮದರಂಗಿಯ ಕೆಂಪು ಸುಲಭವಾಗಿ ಹೋಗದೆಂಬುದು ಹೊರತು ಬೇರೆ ತೊಂದರೆಯಿಲ್ಲ. ಆದರೆ ಪೊಟ್ಟಣಗಳಲ್ಲಿ ಬರುವ ಕೆಲವು ಪುಡಿಗಳಲ್ಲಿ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಲೋಹ ತಗಲಿದ ಪೆರಾಕ್ಸೈಡು ಥಟ್ಟನೆ ವಿಭಜನೆಗೊಂಡು ಬಿಸಿಯೇರುತ್ತದೆ. ಅದು ತಲೆಯ ಮೇಲೆಯೇ ನಡೆಯುವುದೆಂಬುದನ್ನು ನೆನೆಯಿರಿ. ಇದೇ ಕಾರಣದಿಂದ ಮಿಶ್ರಣವನ್ನು ಲೋಹದ ಪಾತ್ರೆಯಲ್ಲಿ ಕಲಸಬಾರದು. ನೀಲಿಗಿಡದ ಪುಡಿ ಹಚ್ಚಿದ ಕೂದಲು ಹಸಿರಾಗುವುದೂ ಉಂಟು. ಬಚ್ಚಲು ತೊಳೆಯುವ ಬ್ಲೀಚಿನ ದ್ರವಕ್ಕೂ ಇದಕ್ಕೂ ಹೆಸರು ಮಾತ್ರ ಒಂದೇ. ಅದನ್ನು ತಲೆಗೆ ತಾಗಿಸಲೇಬಾರದು. ಅಮೋನಿಯದೊಡನೆ ಸೇರಿದರೆ ಅದರಿಂದ ವಿಷದ ಗಾಳಿ ಏಳುತ್ತದೆ.

ಪ್ರಾಯಕ್ಕೆ ಬಂದವರು ತಿಳಿದೂ ಮಾಡುವುದಾದರೆ ಇಷ್ಟನ್ನು ನಡೆಸಲಿ. ಎರಡು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಟೋನರು ಹಚ್ಚಿ ತುರಿಕೆ ಬರುವುದೋ ನೋಡಬೇಕು. ಮರೆಯಲ್ಲಿರುವ ಒಂದು ಎಳೆಕುಚ್ಚಿನಲ್ಲಿ ಮಿಶ್ರಣವನ್ನು ಪರೀಕ್ಷಿಸಬೇಕು. ಹಿಂದಿನ ದಿನ ತಲೆ ತೊಳೆಯಬಾರದು, ನೆತ್ತಿಯ ಜಿಡ್ಡೇ ಚರ್ಮಕ್ಕೆ ಕವಚ. ಕಿಟಕಿ ತೆರೆದಿರಲಿ, ಕೈಗೆ ಗವುಸು ಇರಲಿ. ಪರ್‌ಸಲ್ಫೇಟಿನ ಧೂಳು ದಮ್ಮಿನ ರೋಗವನ್ನು ಕೆರಳಿಸುತ್ತದೆ. ನೆತ್ತಿಯ ಕಾವಿಗೆ ಬುಡದ ಕೂದಲು ಬೇಗ ಬಿಳುಪೇರುವುದರಿಂದ ಬುಡಕ್ಕೆ ಕೊನೆಯಲ್ಲಿ ಹಚ್ಚುವುದು ಕ್ರಮ. ಪೊಟ್ಟಣದಲ್ಲಿ ಬರೆದ ಸಮಯವನ್ನು ಮೀರಬಾರದು. ಉರಿ ಹುಟ್ಟಿದರೆ ಸಮಯ ನೋಡದೆ ತೊಳೆಯಬೇಕು. ಕಿತ್ತಳೆಯಲ್ಲಿ ನಿಂತಿತೆಂದು ಅದೇ ದಿನ ಮತ್ತೊಮ್ಮೆ ಹಚ್ಚಬಾರದು, ನಡುವೆ ಕೆಲವು ವಾರಗಳೇ ಕಳೆಯಬೇಕು. ಶಾಲೆಯ ಮಕ್ಕಳ ಮಟ್ಟಿಗೆ ಹೇಳುವುದಾದರೆ, ಪೆರಾಕ್ಸೈಡಿನೊಡನೆ ಕಲಸುವ ಕೇಶವರ್ಣಗಳ ಪೊಟ್ಟಣದ ಮೇಲೆ, ಇದು 16 ವರ್ಷಕ್ಕಿಂತ ಕಿರಿಯರಿಗಲ್ಲವೆಂದು ಮುದ್ರಿಸಬೇಕೆಂಬುದು ಐರೋಪ್ಯ ಒಕ್ಕೂಟದಲ್ಲಿ ನಿಯಮವೇ ಆಗಿದೆ.

ಇನ್ನು ಆ ತಾಯಿಯ ಪ್ರಶ್ನೆ. ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಮುರಿದ ಬಂಧವನ್ನು ಅದು ತಾನಾಗಿ ಕಟ್ಟಿಕೊಳ್ಳದು. ಯಾವ ಎಣ್ಣೆಯೂ ಅದನ್ನು ಮೊದಲಿನಂತೆ ಮಾಡದು, ನುಣುಪು ತೋರಿಸಬಹುದು ಅಷ್ಟೆ. ಆದರೆ ಚರ್ಮದೊಳಗಿನ ಬುಡ ಕೆಡದಿದ್ದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು, ಹುಟ್ಟಿದ ಬಣ್ಣದಲ್ಲಿಯೇ, ಬರುತ್ತದೆ. ದಸರಾ ರಜೆಯಲ್ಲಿ ಆ ವಿದ್ಯಾರ್ಥಿನಿ ಶಾಲೆಗೆ ಬಂದಿದ್ದಳು. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಳು. ಬುಡದಲ್ಲಿ ನಾಲ್ಕು ಬೆರಳಷ್ಟು ಕಪ್ಪು, ತುದಿಯಲ್ಲಿ ಇನ್ನೂ ಕಿತ್ತಳೆ. ಪ್ರಯೋಗಶಾಲೆಯ ಗೋಡೆಯಲ್ಲಿ ತೂಗುಹಾಕಿದ ನಮ್ಮ ಬಿಳಿಯ ಕಾಗದವನ್ನು ಅವಳಿಗೆ ತೋರಿಸಿದೆವು. ಅವಳು ನಾಲ್ಕನೆಯ ಎಳೆಯ ಮೇಲೆ ಬೆರಳಿಟ್ಟು, “ಸರ್, ನಾನು ಇಲ್ಲಿ ನಿಲ್ಲಿಸಬೇಕಿತ್ತು” ಎಂದಳು.