ಕೈಗೆ ಸಿಗದ ಆ ಒಂದು ನಿಪ್ಪಲ್

ರಜೆಗೆ ಊರಿಗೆ ಬಂದಾಗ ನಮ್ಮ ಹಳೆಯ ಪಿಕಪ್‌ಗೆ ಗ್ರೀಸ್ ಹೊಡೆಯುವುದು ನನ್ನ ಪಾಲಿನ ಕೆಲಸ. ಬಿಇ ಓದುವ ಮಗನಿಗೆ ಅಪ್ಪ ಕೊಡುವ ಪ್ರಾಕ್ಟಿಕಲ್ ಅದು! ಪಟ್ಟಾ, ಶ್ಯಾಕಲ್, ಟೈರಾಡ್ ಎಲ್ಲ ಸುಲಭ. ಆದರೆ ಬಲಗಡೆ ಕಿಂಗ್‌ಪಿನ್‌ನ ಒಳಬದಿಯ ನಿಪ್ಪಲ್‌ಗೆ ಗನ್ ತಾಗುವುದೇ ಇಲ್ಲ. ಪರೀಕ್ಷೆಯಲ್ಲಿ ಚಾಯ್ಸ್ ಬಿಟ್ಟಂತೆ ಮೂರು ರಜೆ ಅದನ್ನು ಬಿಟ್ಟೆ. ‘ಎಲ್ಲಾ ಆಯ್ತೇನೋ?’ ಎಂದರೆ ‘ಆಯ್ತಪ್ಪಾ’ ಎನ್ನುತ್ತಿದ್ದೆ.

ಕಳೆದ ಸೆಪ್ಟೆಂಬರ್‌ನಲ್ಲಿ ಆಲೂರಿನಿಂದ ಶುಂಠಿ ಹೇರಿಕೊಂಡು ಮಂಗಳೂರಿಗೆ ಹೊರಟಿದ್ದೆವು. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಒಂದು ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸ್ ಬರಲಿಲ್ಲ. ಎದುರಿಗೆ ಟ್ಯಾಂಕರ್. ಅಪ್ಪ ಎರಡೂ ಕೈಯಿಂದ ಎಳೆದು, ಗಾಡಿಯನ್ನು ಬದಿಗೆ ನಿಲ್ಲಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಜ ಹೇಳಿದೆ.

ಅಪ್ಪ ಬೈಯಲಿಲ್ಲ. ಮನೆಗೆ ಬಂದು ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದರು, ಸ್ಟ್ಯಾಂಡ್ ಇಟ್ಟರು. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ, ಅಡಗಿದ್ದ ನಿಪ್ಪಲ್ ಎದುರಿಗೇ ಬಂತು! ಕೆಸರು ಒರೆಸಿ, ಬಾಗುವ ಹೋಸ್ ಸಿಕ್ಕಿಸಿ ಪಂಪ್ ಮಾಡಿದೆವು. ಮೊದಲು ತುಕ್ಕುನೀರು, ಆಮೇಲೆ ಕಪ್ಪು ಗ್ರೀಸ್, ಕೊನೆಗೆ ಹೊಸದು ಹೊರಬಂತು. ಚಕ್ರದ ಮೇಲೆ ಭಾರವಿದ್ದರೆ ಪಿನ್ನು ಬುಷ್‌ಗೆ ಒತ್ತಿಕೊಂಡಿರುತ್ತದೆ; ಗ್ರೀಸ್ ಬೇಕಾದ ಕಡೆಗೇ ಹೋಗುವುದಿಲ್ಲ. ಗ್ರೀಸ್ ಇಲ್ಲದ ಜಾಗಕ್ಕೆ ಮಲೆನಾಡಿನ ಮಳೆನೀರು ನುಗ್ಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ.

ಈಗ ಗ್ರೀಸ್ ಗನ್ ಹಿಡಿದರೆ ಆ ನಿಪ್ಪಲ್‌ನಿಂದಲೇ ಶುರು. ‘ಆಯ್ತೇನೋ?’ ಎಂದು ಅಪ್ಪ ಈಗಲೂ ಕೇಳುತ್ತಾರೆ. ಬಗ್ಗಿ ನೋಡುವುದಿಲ್ಲ. ಅದಕ್ಕೇ ನಾನು ಇನ್ನೊಮ್ಮೆ ಬಗ್ಗಿ ನೋಡುತ್ತೇನೆ.