ಹೊಗೆಯಲ್ಲಿ ಹೋಗುವ ಸೌದೆ

ಅಮೆರಿಕ, ಬ್ರಿಟನ್ನಿನಂಥ ಚಳಿದೇಶಗಳ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಯೊಳಗೆ ಇಟ್ಟಿಗೆಯ ಫೈರ್‌ಪ್ಲೇಸ್ ಇರುತ್ತದೆ. ನೋಡಲು ಸೊಗಸು. ಆದರೆ ತಿನ್ನುವುದು ಹೆಚ್ಚು, ಕೊಡುವುದು ಕಡಿಮೆ. ಉರಿದ ಸೌದೆಯ ಶಾಖದಲ್ಲಿ ಸುಮಾರು ಶೇ. 10ರಷ್ಟು ಮಾತ್ರ ಕೋಣೆಗೆ ದಕ್ಕುತ್ತದೆ.

ಉಳಿದದ್ದು ಎಲ್ಲಿ ಹೋಗುತ್ತದೆ? ಬಾಯಿ ತೆರೆದ ಒಲೆಗೆ ಗಾಳಿಯ ಲೆಕ್ಕವೇ ಇರುವುದಿಲ್ಲ. ಬಿಸಿಯಾಗಿ ಹಗುರಾದ ಗಾಳಿ ಚಿಮಣಿಯಲ್ಲಿ ಮೇಲೇರುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಜಾಗ ತುಂಬಲು ಕಿಟಕಿ, ಬಾಗಿಲುಗಳ ಸಂದಿನಿಂದ ಹೊರಗಿನ ಚಳಿಗಾಳಿ ನುಗ್ಗುತ್ತದೆ. ಬೆಂಕಿಯೆದುರು ಕೂತವರ ಮುಖ ಸುಡುತ್ತಿದ್ದರೂ ಬೆನ್ನು ತಣ್ಣಗಿರುವುದು, ಪಕ್ಕದ ಕೋಣೆ ಇನ್ನಷ್ಟು ತಣ್ಣಗಾಗುವುದು ಇದರಿಂದಲೇ. ಕೆಂಡ ಪೂರ್ತಿ ಆರುವ ತನಕ ಚಿಮಣಿಯ ಮುಚ್ಚಳ ಹಾಕುವಂತೆಯೂ ಇಲ್ಲ. ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೇ ತುಂಬಿಕೊಳ್ಳುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ ಈ ಶಾಖನಷ್ಟಕ್ಕೆ ಪರಿಹಾರವಾಗಿ ಎರಕದ ಕಬ್ಬಿಣದ ಒಲೆಯೊಂದನ್ನು ರೂಪಿಸಿ, 1744ರಲ್ಲಿ ಕಿರುಹೊತ್ತಗೆ ಬರೆದು ಅದನ್ನು ವಿವರಿಸಿದರು. ಪೇಟೆಂಟ್ ಬೇಡವೆಂದರು. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಫೈರ್‌ಪ್ಲೇಸಿನ ಆಳ ಕುಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೆಚ್ಚು ಶಾಖ ಕೋಣೆಯತ್ತ ಹೊಮ್ಮುವಂತೆ ಮಾಡಿದರು. ಆದರೂ ಅದರ ಬಾಯಿ ತೆರೆದೇ ಇತ್ತು.

ಇಂದಿನ ಉತ್ತರ ‘ಇನ್ಸರ್ಟ್’. ಹಳೆಯ ಗೂಡಿನೊಳಗೆ ಕೂರಿಸುವ, ಗಾಜಿನ ಬಾಗಿಲುಳ್ಳ ಉಕ್ಕಿನ ಅಥವಾ ಎರಕದ ಕಬ್ಬಿಣದ ಪೆಟ್ಟಿಗೆ ಇದು. ಇದರ ಜಾಣ್ಮೆ ತಿಳಿಯಬೇಕಾದರೆ ಸೌದೆ ಹೇಗೆ ಉರಿಯುತ್ತದೆಂದು ನೋಡಬೇಕು. ಕಾದ ಸೌದೆಯಿಂದ ಮೊದಲು ನೀರು ಆವಿಯಾಗುತ್ತದೆ. ಆಮೇಲೆ ಮರವೇ ಒಡೆದು ಅನಿಲಗಳು ಹೊರಬೀಳುತ್ತವೆ. ಸೌದೆಯ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಈ ಅನಿಲಗಳಲ್ಲೇ ಇದೆ. ಅವು ಪೂರ್ತಿ ಹೊತ್ತಿಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಸಾಕಷ್ಟು ಆಮ್ಲಜನಕವೂ ಬೇಕು. ತೆರೆದ ಒಲೆಯಲ್ಲಿ ತಣ್ಣನೆಯ ಗಾಳಿ ನುಗ್ಗಿ ಅನಿಲಗಳು ಅರೆಬರೆ ಉರಿದು ಮೇಲೇರುತ್ತವೆ. ನಾವು ಹೊಗೆ ಎನ್ನುವುದರಲ್ಲಿ ಬಹುಪಾಲು ಹೀಗೆ ಉರಿಯದೆ ಉಳಿದ ಸೌದೆಯೇ.

ಇನ್ಸರ್ಟಿನ ಒಳಗೋಡೆಗೆ ಬೆಂಕಿ ತಾಳುವ ಇಟ್ಟಿಗೆ ಜೋಡಿಸಿರುವುದರಿಂದ ಶಾಖ ಒಳಗೇ ನಿಲ್ಲುತ್ತದೆ. ಮೇಲ್ಭಾಗದ ಅಡ್ಡಹಲಗೆ ಅನಿಲಗಳು ನೇರ ಚಿಮಣಿಗೆ ಓಡದಂತೆ ತಡೆಯುತ್ತದೆ. ಅದರ ಕೆಳಗೆ ಸಣ್ಣ ತೂತುಗಳಿರುವ ಕೊಳವೆಗಳು; ಅವುಗಳಿಂದ ಮೊದಲೇ ಕಾದ ಗಾಳಿ ಬರುತ್ತದೆ. ಅದು ತಾಗಿದೊಡನೆ ಅನಿಲಗಳು ಗ್ಯಾಸ್ ಒಲೆಯ ಬರ್ನರಿನಂತೆ ಸಾಲುಸಾಲಾಗಿ ಹೊತ್ತಿಕೊಳ್ಳುತ್ತವೆ. ಸೌದೆಯನ್ನು ಮುಟ್ಟದೆ, ಅದರ ಮೇಲೆ ತೇಲುವ ಈ ಜ್ವಾಲೆ ಗಾಜಿನಾಚೆಯಿಂದ ಸ್ಪಷ್ಟವಾಗಿ ಕಾಣುತ್ತದೆ. ಗಾಜಿನ ಒಳಮೈಯಲ್ಲಿ ಮೇಲಿಂದ ಇಳಿಯುವ ಗಾಳಿಯ ತೆರೆ ಮಸಿ ಹಿಡಿಯದಂತೆ ಕಾಯುತ್ತದೆ. ಇಂಥ ಒಲೆಗಳು ಸೌದೆಯ ಶಾಖದ ಶೇ. 70ರಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಮನೆಗೆ ಕೊಡಬಲ್ಲವು. ಹೊಗೆಯೂ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊಸ ಸೌದೆ ಒಲೆಗಳಿಗೆ 1988ರಲ್ಲಿ ನಿಯಮ ತಂದಿತು. 2020ರಿಂದ ಗಂಟೆಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಕಣಗಳನ್ನು ಉಗುಳುವ ಹೊಸ ಒಲೆಯನ್ನು ಅಲ್ಲಿ ಮಾರುವಂತಿಲ್ಲ.

ಇದೇ ತತ್ತ್ವ ನಮ್ಮ ಅಡುಗೆಮನೆಗೂ ಬಂದಿದೆ. ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಮುಂದೆ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆಗೂಡು ಮುಚ್ಚಿ, ಕೆಂಡದಡಿ ಜಾಲರಿ ಇಟ್ಟು, ಬಿಸಿ ಅನಿಲ ಮೂರು ಪಾತ್ರೆಗಳ ತಳ ಸವರಿಕೊಂಡೇ ಹೊಗೆಕೊಳವೆ ಸೇರುವಂತೆ ಮಾಡಿದ ಆ ಮಣ್ಣಿನ ಒಲೆ ಸೌದೆಯನ್ನೂ ಉಳಿಸಿತು, ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕಾಯಿತು.

ಚಳಿದೇಶದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಒಂದು ಮಾತು. ಇನ್ಸರ್ಟ್ ಕೂರಿಸಿದರಷ್ಟೇ ಸಾಲದು. ಹಳೆಯ ಚಿಮಣಿ ತೀರ ಅಗಲವಾಗಿದ್ದರೆ ಹೊಗೆ ನಿಧಾನವಾಗಿ, ತಣ್ಣಗಾಗಿ, ಕ್ರಿಯೋಸೋಟ್ ಎಂಬ ಟಾರಿನಂಥ ಅಂಟಾಗಿ ಗೋಡೆಗೆ ಹತ್ತುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ತಗುಲಬಹುದು. ಆದ್ದರಿಂದ ಒಲೆಯಿಂದ ಚಿಮಣಿಯ ತುದಿಯವರೆಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸಿ. ತೇವ ಶೇ. 20ಕ್ಕಿಂತ ಕಡಿಮೆ ಇರುವ ಸೌದೆಯನ್ನೇ ಬಳಸಿ. ಹಸಿ ಸೌದೆ ತನ್ನ ನೀರನ್ನು ಕುದಿಸುವುದರಲ್ಲೇ ಶಾಖ ಕಳೆಯುತ್ತದೆ. ಬೆಂಕಿ ಬೆಳಗಿನವರೆಗೆ ಬರಲೆಂದು ರಾತ್ರಿ ಒಲೆಯ ಗಾಳಿಕಂಡಿ ಪೂರ್ತಿ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ, ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷಿಸಿ ಶುಚಿಮಾಡಿಸಿ.